ಚೀಟಿ ಕೈ ಬದಲಾಯಿಸಿದ ಕಥೆ

ಬಿಕ್ಕೋಡು ಹೋಬಳಿಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು. ಪಾಠಕ್ಕಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿದಿರುವುದು ಎಸ್ಸೆಸ್ಸೆಲ್ಸಿ ಕೊಠಡಿಯ ಕಾವಲು ಮತ್ತು ಚೀಟಿಗಳು.

ಮೊದಲ ಕಾಲದ ಚೀಟಿ ಕೈಬರಹದ್ದು. ಜಾಮಿಟ್ರಿ ಬಾಕ್ಸಿನ ತಳ, ಅಂಗಿ ಕಾಲರಿನ ಮಡಿಕೆ, ಲಂಗದ ಅಂಚು ಅದರ ಠಿಕಾಣಿ. ಸಣ್ಣಕ್ಷರದಲ್ಲಿ ಬರೆದು ಮುಗಿಸುವಷ್ಟರಲ್ಲಿ ಅರ್ಧ ಪಾಠ ಬಾಯಿಗೆ ಬಂದಿರುತ್ತಿತ್ತು. ಆ ಹುಡುಗರ ಮೇಲೆ ನನಗೆ ಈಗಲೂ ಅಷ್ಟು ಸಿಟ್ಟಿಲ್ಲ. ಜೆರಾಕ್ಸ್ ಅಂಗಡಿ ಬಂದು ಆ ಶ್ರಮವನ್ನೂ ತಪ್ಪಿಸಿತು. ಗೈಡಿನ ಪುಟ ಬೆಂಕಿಪೊಟ್ಟಣದ ಅಳತೆಗೆ ಕುಗ್ಗಿ ‘ಮೈಕ್ರೋ’ ಆಯಿತು. ಸರ್ಕಾರ ಅದರ ಬೆನ್ನು ಹತ್ತಿತು. ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ, ಜೆರಾಕ್ಸ್ ಅಂಗಡಿಗೆ ಬೀಗ, ಖಜಾನೆಯಿಂದ ಕಾವಲಿನಲ್ಲಿ ಬರುವ ಬಂಡಲು, ಜಾಗೃತ ದಳ. ಕಾಫಿ ತೋಟದ ದಾರಿಯಲ್ಲಿ ಆನೆ ಇದೆಯೆಂದು ಮಕ್ಕಳ ಜೊತೆ ಬಂದ ಅಪ್ಪಂದಿರನ್ನೂ ಗೇಟಿನಿಂದ ಅಟ್ಟುತ್ತಿದ್ದರು.

ಆದರೆ ಚೀಟಿ ಆಗಲೇ ದೊಡ್ಡವರ ಕೈಗೆ ದಾಟಿತ್ತು. 2016ರ ಮಾರ್ಚ್ 21ರ ದ್ವಿತೀಯ ಪಿಯು ರಸಾಯನಶಾಸ್ತ್ರದ ಪತ್ರಿಕೆ ಬಯಲಾಯಿತು; ಮಾರ್ಚ್ 31ಕ್ಕೆ ಇಟ್ಟ ಮರುಪರೀಕ್ಷೆಯದೂ ಸೋರಿತು; ಕಡೆಗೆ ಏಪ್ರಿಲ್ 12ರಂದು ನಡೆಯಿತು. 1.7 ಲಕ್ಷಕ್ಕೂ ಹೆಚ್ಚು ಮಕ್ಕಳು ಓದಿದ್ದನ್ನೇ ಓದಬೇಕಾಯಿತು, ಹಲವರು ಬೀದಿಗಿಳಿದರು. ಸೋರಿಸಿದವರಲ್ಲಿ ಯಾರೂ ಪರೀಕ್ಷೆ ಬರೆಯುವ ವಯಸ್ಸಿನವರಲ್ಲ. ಆದರೂ 2019ರಲ್ಲಿ ಹಾವೇರಿಯ ಒಂದು ಕಾಲೇಜು ನಕಲು ತಡೆಯಲೆಂದು ರಟ್ಟಿನ ಪೆಟ್ಟಿಗೆಗೆ ಮುಖದ ಕಡೆ ಕಿಂಡಿ ಕೊರೆದು ತೊಡಿಸಿದ್ದು ಮಕ್ಕಳ ತಲೆಗೇ! ಕೊರೊನಾ ವರ್ಷ 2021ರಲ್ಲಿ ಎಸ್ಸೆಸ್ಸೆಲ್ಸಿ ಬರೆದ ಎಂಟೂ ಮುಕ್ಕಾಲು ಲಕ್ಷದಷ್ಟು ಮಕ್ಕಳಲ್ಲಿ ಪಾಸಾಗದೆ ಉಳಿದದ್ದು ಒಂದೇ ಒಂದು ನಂಬರು. ಆ ಅಭ್ಯರ್ಥಿ ತನ್ನ ಬದಲು ಬೇರೆಯವರನ್ನು ಕೂರಿಸಿದ್ದ ಪ್ರಕರಣ ಅದು. ಸುಮ್ಮನೆ ಬಂದು ಕೂತಿದ್ದರೂ ಸಾಕಿತ್ತು.

ನಮ್ಮ ಜಿಲ್ಲೆಗೆ ಹತ್ತಿದ್ದು ರ‍್ಯಾಂಕಿನ ಗೀಳು. 2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ರಾಜ್ಯಕ್ಕೇ ಮೊದಲು ಬಂತು. ಆ ಗೌರವ ಯಾರಿಗೆ ಸಲ್ಲಬೇಕೆಂದು ದೊಡ್ಡವರು ಪತ್ರಿಕೆಗಳಲ್ಲಿ ಕಿತ್ತಾಡಿದರು, ಮಕ್ಕಳ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಅಲ್ಲಿಂದ ಮುಂದೆ ಶೇಕಡಾವಾರು ಎಂಬುದು ಮೇಷ್ಟ್ರ ನೆತ್ತಿಯ ಮೇಲೆ ತೂಗತೊಡಗಿತು. ‘ಕೊಠಡಿಯಲ್ಲಿ ಸ್ವಲ್ಪ ನೋಡ್ಕಳಿ ಸಾರ್’ ಎನ್ನುತ್ತಿದ್ದವರು ಮೊದಲು ಪಾಲಕರು. ಆಮೇಲೆ ಅದೇ ಮಾತು ಮೇಲಿನಿಂದ ಇಳಿದು ಬರತೊಡಗಿತು. ಒಂದು ಅಂಕದ ಪ್ರಶ್ನೆಗಳ ಉತ್ತರವನ್ನು ಗುನುಗುತ್ತಾ ಸಾಲುಗಳ ನಡುವೆ ಓಡಾಡಿದ ಸಹೋದ್ಯೋಗಿಗಳನ್ನು ನಾನು ಕಂಡಿದ್ದೇನೆ.

2024ರಲ್ಲಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ 73.40ಕ್ಕೆ ನಿಂತಿತು. 2023ರಲ್ಲಿ ಮೊದಲ ಸ್ಥಾನದಲ್ಲಿದ್ದ ಚಿತ್ರದುರ್ಗ 21ನೆಯದಕ್ಕೆ ಬಿತ್ತು. ಹಾಸನವೂ ಮೂರರಿಂದ ಜಾರಿತು, ಆದರೆ ಅಷ್ಟು ದೂರವೇನಲ್ಲ. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾಗುವುದಿಲ್ಲ. ಆ ಕ್ಯಾಮೆರಾ ಹಿಡಿದದ್ದು ಬೆಂಚನ್ನಲ್ಲ, ನಮ್ಮ ಓಡಾಟವನ್ನು.

ಬರೆದದ್ದು ಯಾರದು ಎಂಬ ಮಾತು ಬಂದಾಗ ನನಗೆ ಬೇಲೂರು ನೆನಪಾಗುತ್ತದೆ. ಇಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಆ ಊರಿನಲ್ಲಿ, 1117ರ ಚೆನ್ನಕೇಶವ ಗುಡಿಯ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ, ಬಿರುದುಗಳ ಸಮೇತ. ತಪ್ಪಿದ್ದರೂ ಅವರದೇ, ಒಪ್ಪಿದ್ದರೂ ಅವರದೇ. ನಮ್ಮ ಉತ್ತರ ಪತ್ರಿಕೆಗೆ ಹೆಸರಿಲ್ಲ, ನಂಬರು ಮಾತ್ರ. ಪಕ್ಷಪಾತ ತಪ್ಪಿಸಲು ಅದು ಬೇಕು ನಿಜ. ಬರೆದದ್ದು ತನ್ನದೆಂಬ ಜಂಬವೂ ಅದರ ಜೊತೆಗೇ ಹೋಯಿತೇನೋ ಎಂದು ಪೇಪರ್ ತಿದ್ದುವಾಗ ನನಗೆ ಅನ್ನಿಸುತ್ತಿತ್ತು.

ಕ್ಯಾಮೆರಾ ಬಂದ ಮುಂದಿನ ವರ್ಷ, 2025ರಲ್ಲಿ, ಹೆಚ್ಚುವರಿ ಕೃಪಾಂಕವನ್ನೂ ತೆಗೆದರು. 2024ರಲ್ಲಿ ಕ್ಯಾಮೆರಾದ ಜೊತೆಗೇ ಬಂದಿದ್ದ ಮೂರು ಪರೀಕ್ಷೆಯ ಏರ್ಪಾಡು ಮಾತ್ರ ಆಗ ಉಳಿಯಿತು. ಮಾರ್ಚಿನಲ್ಲಿ ಕೈಬಿಟ್ಟ ವಿಷಯವನ್ನು ಅದೇ ವರ್ಷ ಇನ್ನೆರಡು ಸಲ ಬರೆಯಬಹುದಿತ್ತು. ಜಾಗೃತ ದಳಗಳೆಲ್ಲ ಸೇರಿ ಕಿತ್ತುಕೊಂಡದ್ದಕ್ಕಿಂತ ಹೆಚ್ಚು ಚೀಟಿಗಳನ್ನು, ಮಕ್ಕಳು ಬರೆಯುವ ಮೊದಲೇ, ಈ ಏರ್ಪಾಡು ಹರಿದುಹಾಕಿತು ಎಂಬುದು ನನ್ನ ಲೆಕ್ಕ. ನಮ್ಮ ಸ್ಟಾಫ್ ರೂಮಿನ ಹಳಬರು ಇದನ್ನು ಒಪ್ಪುವುದಿಲ್ಲ.