ಕಾಳಿ ಕಣಿವೆಯ ಹೂಳಿನಲ್ಲಿ ಪ್ಲುಟೋನಿಯಂ: ಸಮಸ್ಥಾನಿಗಳ ಅನುಪಾತದಿಂದ ಮೂಲದ ಪತ್ತೆ

ಪೀಠಿಕೆ

ಜೊಯಿಡಾ ತಾಲ್ಲೂಕಿನ ದಿಗ್ಗಿಯಲ್ಲಿ ಹುಟ್ಟುವ ಕಾಳಿ ನದಿ ಸೂಪಾ, ದಾಂಡೇಲಿ, ಕೊಡಸಳ್ಳಿ, ಕೈಗಾ, ಕದ್ರಾಗಳನ್ನು ದಾಟಿ ಕಾರವಾರದ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ನದಿಯ ಮೇಲ್ಭಾಗದಲ್ಲಿ ಸೂಪಾ ಅಣೆಕಟ್ಟೆಗಾಗಿ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳಿಗೆ ರಾಮನಗರದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಕೆಳಭಾಗದಲ್ಲಿ, ಕದ್ರಾ ಜಲಾಶಯದ ದಂಡೆಯಲ್ಲಿ, ಕೈಗಾ ಅಣು ವಿದ್ಯುತ್ ಕೇಂದ್ರದ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ. ಮೊದಲೆರಡು 2000ರಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಈ ಯೋಜನೆಯನ್ನು ಶಿವರಾಮ ಕಾರಂತ, ಕುಸುಮಾ ಸೊರಬ ಮೊದಲಾದವರು ಬಹಿರಂಗವಾಗಿ ವಿರೋಧಿಸಿದ ಕಾಲದಿಂದಲೂ ಜಿಲ್ಲೆಯ ಜನರ ಮುಂದೆ ಒಂದು ಪ್ರಶ್ನೆ ಇದ್ದೇ ಇದೆ: ನಮ್ಮ ಮಣ್ಣಿಗೆ, ನೀರಿಗೆ ಏನು ಸೇರುತ್ತಿದೆ?

ಈ ಪ್ರಶ್ನೆಯನ್ನು ಪ್ಲುಟೋನಿಯಂ ಒಂದಕ್ಕೆ ಸೀಮಿತಗೊಳಿಸಿ ನೋಡುವುದು ಈ ಲೇಖನದ ಉದ್ದೇಶ. ಪ್ಲುಟೋನಿಯಂ ಎಷ್ಟಿದೆ ಎಂದು ಅಳೆದರಷ್ಟೇ ಸಾಲದು; ಅದರ ಸಮಸ್ಥಾನಿಗಳು ಯಾವ ಅನುಪಾತದಲ್ಲಿವೆ ಎಂಬುದನ್ನು ಅಳೆದಾಗ ಮಾತ್ರ ಅದು ಎಲ್ಲಿಂದ ಬಂತೆಂದು ಹೇಳಲು ಸಾಧ್ಯ ಎಂಬುದು ಇಲ್ಲಿನ ವಾದ.

ರಿಯಾಕ್ಟರಿನಲ್ಲಿ ಹುಟ್ಟುವ ಬಗೆ

ಪರಮಾಣು ಸಂಖ್ಯೆ 94ರ ಈ ಧಾತು ನಿಸರ್ಗದಲ್ಲಿ ಲೆಕ್ಕಕ್ಕೆ ಸಿಗದಷ್ಟು ಅಲ್ಪ. 1940–41ರಲ್ಲಿ ಬರ್ಕ್ಲಿಯಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು ಸೈಕ್ಲೋಟ್ರಾನ್ ಬಳಸಿ ಯುರೇನಿಯಂಗೆ ಡ್ಯೂಟೆರಾನ್‌ಗಳನ್ನು ಹಾಯಿಸಿ ಅದನ್ನು ತಯಾರಿಸಿದರು. ಮೊದಲು ಕೈಗೆ ಸಿಕ್ಕಿದ್ದು ಪ್ಲುಟೋನಿಯಂ-238. ವಿದಳನಕ್ಕೆ ಒಳಗಾಗುವ ಪ್ಲುಟೋನಿಯಂ-239 ಅದರ ಬೆನ್ನಿಗೇ, 1941ರಲ್ಲಿ, ಪತ್ತೆಯಾಯಿತು.

ಕೈಗಾದ ರಿಯಾಕ್ಟರುಗಳಲ್ಲಿ ಪುಷ್ಟೀಕರಿಸದ ನೈಸರ್ಗಿಕ ಯುರೇನಿಯಂ ಇಂಧನವಾದರೆ, ಭಾರಜಲ ಮಂದಕ. ಈ ಇಂಧನದಲ್ಲಿ ಯುರೇನಿಯಂ-235 ಶೇ 0.71ರಷ್ಟು ಮಾತ್ರ, ಉಳಿದುದೆಲ್ಲ ಯುರೇನಿಯಂ-238. ಇದು ನ್ಯೂಟ್ರಾನ್ ಹೀರಿ ಯುರೇನಿಯಂ-239 ಆಗುತ್ತದೆ. ಸುಮಾರು 23.5 ನಿಮಿಷದ ಅರ್ಧಾಯುವಿನಲ್ಲಿ ಅದು ನೆಪ್ಚೂನಿಯಂ-239 ಆಗಿ, 2.36 ದಿನಗಳ ಅರ್ಧಾಯುವಿನಲ್ಲಿ ಪ್ಲುಟೋನಿಯಂ-239 ಆಗಿ ಮಾರ್ಪಡುತ್ತದೆ. ಮಂದ ನ್ಯೂಟ್ರಾನ್ ತಾಗಿದ ಪ್ಲುಟೋನಿಯಂ-239 ನಾಲ್ಕು ಸಲಕ್ಕೆ ಸರಿಸುಮಾರು ಮೂರು ಸಲ ಒಡೆದು ಶಕ್ತಿ ಕೊಡುತ್ತದೆ. ಒಂದು ಸಲ ಒಡೆಯದೆ, ನ್ಯೂಟ್ರಾನನ್ನು ಒಳಗೆಳೆದುಕೊಂಡು ಪ್ಲುಟೋನಿಯಂ-240 ಆಗುತ್ತದೆ. ಅದೇ ದಾರಿಯಲ್ಲಿ 241, 242 ಹುಟ್ಟುತ್ತವೆ. ಇಂಧನ ರಿಯಾಕ್ಟರಿನೊಳಗೆ ಹೆಚ್ಚು ಕಾಲ ಇದ್ದಷ್ಟೂ ಭಾರದ ಸಮಸ್ಥಾನಿಗಳ ಪಾಲು ಏರುತ್ತದೆ. ಹೀಗಾಗಿ ಇಂಧನ ಎಷ್ಟು ಉರಿದಿದೆ ಎಂಬುದರ ದಾಖಲೆ ಸಮಸ್ಥಾನಿಗಳ ಅನುಪಾತದಲ್ಲೇ ಉಳಿದುಬಿಡುತ್ತದೆ.

ಒಂದು ಇಂಧನ ಕಟ್ಟಿನ ಲೆಕ್ಕ

ಒಂದು ಘಟಕದ ರಿಯಾಕ್ಟರಿನಲ್ಲಿ 306 ಅಡ್ಡ ಕೊಳವೆಗಳಿದ್ದು, ಪ್ರತಿಯೊಂದರಲ್ಲೂ 12 ಇಂಧನ ಕಟ್ಟುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಹತ್ತೊಂಬತ್ತು ಸರಳುಗಳನ್ನು ಜೋಡಿಸಿದ ಕಟ್ಟಿನ ಉದ್ದ ಸುಮಾರು ಅರ್ಧ ಮೀಟರ್. ಅದರಲ್ಲಿರುವ ಯುರೇನಿಯಂ 13 ಕೆ.ಜಿ.ಗಿಂತ ತುಸು ಹೆಚ್ಚು. ಪ್ರತಿ ಟನ್ನಿಗೆ ಸುಮಾರು 6,700 ಮೆಗಾವಾಟ್-ದಿನದಷ್ಟು ಶಕ್ತಿ ಕೊಟ್ಟು ಹೊರಬರುವ ಇಂತಹ ಕಟ್ಟಿನಲ್ಲಿ ಸುಮಾರು 50 ಗ್ರಾಂ ಪ್ಲುಟೋನಿಯಂ ಇರುತ್ತದೆ.

ಈ ಬಗೆಯ ಇಂಧನಕ್ಕೆ ಸಾಮಾನ್ಯವಾಗಿ ಕೊಡುವ ಪ್ರಮಾಣಗಳನ್ನು ಅನ್ವಯಿಸಿದರೆ ಆ 50 ಗ್ರಾಂನಲ್ಲಿ ಸುಮಾರು 33 ಗ್ರಾಂ ಪ್ಲುಟೋನಿಯಂ-239, 13 ಗ್ರಾಂ 240, ಎರಡೂವರೆ ಗ್ರಾಂ 241; 242 ಒಂದು ಗ್ರಾಂಗೂ ಕಡಿಮೆ, 238 ಮಿಲಿಗ್ರಾಂಗಳ ಲೆಕ್ಕದಲ್ಲಿ. ಇವುಗಳ ಅರ್ಧಾಯುಗಳಲ್ಲಿ ಅಗಾಧ ಅಂತರವಿದೆ: 239ಕ್ಕೆ 24,110 ವರ್ಷ, 240ಕ್ಕೆ ಸುಮಾರು 6,560 ವರ್ಷ, 241ಕ್ಕೆ 14.3 ವರ್ಷ, 242ಕ್ಕೆ ಸುಮಾರು 3.75 ಲಕ್ಷ ವರ್ಷ, 238ಕ್ಕೆ 87.7 ವರ್ಷ. ಇದರ ಪರಿಣಾಮ ಗಮನಾರ್ಹ. ತೂಕದಲ್ಲಿ ಇಪ್ಪತ್ತರಲ್ಲಿ ಒಂದು ಪಾಲಿರುವ 241, ಆಗತಾನೇ ಹೊರಬಂದ ಇಂಧನದ ಪ್ಲುಟೋನಿಯಂನ ಒಟ್ಟು ವಿಕಿರಣಶೀಲತೆಯಲ್ಲಿ ಶೇ 95ಕ್ಕೂ ಹೆಚ್ಚು ಪಾಲು ಪಡೆಯುತ್ತದೆ. ಅದರದು ಬೀಟಾ ಕ್ಷಯ. ಕ್ಷಯಿಸಿ ಆಗುವ ಅಮೆರಿಸಿಯಂ-241ರ ಅರ್ಧಾಯು 432 ವರ್ಷ. 2000ರಲ್ಲಿ ಹೊರತೆಗೆದ ಕಟ್ಟಿನ ಪ್ಲುಟೋನಿಯಂ-241ರಲ್ಲಿ ಶೇ 70ರಷ್ಟು 2025ರ ಹೊತ್ತಿಗೆ ಅಮೆರಿಸಿಯಂ ಆಗಿರುತ್ತದೆ. ‘ಪ್ಲುಟೋನಿಯಂನ ಆಯುಷ್ಯ ಇಪ್ಪತ್ತನಾಲ್ಕು ಸಾವಿರ ವರ್ಷ’ ಎಂಬ ಒಂದೇ ಮಾತಿನಲ್ಲಿ ಈ ಚಿತ್ರ ಹಿಡಿಸುವುದಿಲ್ಲ.

ಹೂಳು ಹೇಳಬಲ್ಲ ಸಂಗತಿ

ಈ ಪ್ಲುಟೋನಿಯಂ ಗಟ್ಟಿಯಾದ ಆಕ್ಸೈಡ್ ಬಿಲ್ಲೆಗಳೊಳಗೆ, ಜಿರ್ಕೋನಿಯಂ ಮಿಶ್ರಲೋಹದ ಕವಚದೊಳಗೆ ಇರುತ್ತದೆ. ಭಾರಜಲದಲ್ಲಿ ಹುಟ್ಟಿ ನೀರಿನೊಡನೆ ನೀರಾಗಿ ಸಾಗುವ ಟ್ರೀಷಿಯಂನ ಸ್ವಭಾವ ಬೇರೆ. 2009ರ ನವೆಂಬರಿನಲ್ಲಿ ಕೈಗಾದ 50ಕ್ಕೂ ಹೆಚ್ಚು ನೌಕರರ ದೇಹ ಸೇರಿದ್ದು ಟ್ರೀಷಿಯಂ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿಜ್ಞಾನಕ್ಕೂ ಸಲ್ಲದು, ಜನರ ಆತಂಕಕ್ಕೂ ನ್ಯಾಯವಲ್ಲ.

ಹಾಗೆಂದು ಕಾಳಿ ಕಣಿವೆಯ ಮಣ್ಣಿನಲ್ಲಿ ಪ್ಲುಟೋನಿಯಂ ಇರಲಾರದು ಎಂದಲ್ಲ. ವಾತಾವರಣದಲ್ಲಿ ನಡೆದ ಅಣ್ವಸ್ತ್ರ ಪರೀಕ್ಷೆಗಳ ದೂಳು ಮಳೆಯೊಡನೆ ಇಡೀ ಭೂಮಿಯ ಮೇಲೆ ಇಳಿದಿದೆ. ಇವುಗಳಲ್ಲಿ ಬಹುಪಾಲು 1963ಕ್ಕೆ ಮುಂಚಿನವು; ಕೊನೆಯದನ್ನು ಚೀನಾ 1980ರಲ್ಲಿ ನಡೆಸಿತು. ಪ್ಲುಟೋನಿಯಂ ಜೇಡಿ ಕಣಗಳಿಗೆ ಬಲವಾಗಿ ಅಂಟಿಕೊಳ್ಳುವುದರಿಂದ ಮಣ್ಣು ಕೊಚ್ಚಿಹೋದಾಗ ಹೂಳಿನೊಡನೆ ಜಲಾಶಯ ಸೇರುತ್ತದೆ. ಆದ್ದರಿಂದ ಕದ್ರಾದ ಹೂಳಿನಲ್ಲಿ ಪ್ಲುಟೋನಿಯಂ ಸಿಕ್ಕಿತು ಎಂಬುದೇ ಕೈಗಾದ ಮೇಲಿನ ಆರೋಪವಾಗದು. ‘ಅಲ್ಪ ಪ್ರಮಾಣದಲ್ಲಿದೆ’ ಎಂಬುದೇ ಕೈಗಾಕ್ಕೆ ಖುಲಾಸೆಯೂ ಆಗದು.

ಅನುಪಾತ ನೆರವಿಗೆ ಬರುವುದು ಇಲ್ಲಿ. ಪರೀಕ್ಷಾ ಸ್ಫೋಟಗಳ ದೂಳಿನಲ್ಲಿ 239ಕ್ಕೆ 240ರ ಪರಮಾಣು ಅನುಪಾತ ಜಾಗತಿಕವಾಗಿ ಸುಮಾರು 0.18. ಪೂರ್ತಿ ಉರಿದ ಭಾರಜಲ ರಿಯಾಕ್ಟರ್ ಇಂಧನದಲ್ಲಿ ಅದು ಸುಮಾರು 0.4. ಆದರೆ ರೂಢಿಯ ಆಲ್ಫಾ ರೋಹಿತಮಾಪನದಲ್ಲಿ 239 ಮತ್ತು 240 ಬೇರೆಯಾಗಿ ಕಾಣುವುದಿಲ್ಲ. ಎರಡರ ಆಲ್ಫಾ ಕಣಗಳ ಶಕ್ತಿಯೂ 5.16 ಎಂಇವಿ ಆಸುಪಾಸಿನಲ್ಲಿದೆ. ಅದಕ್ಕಾಗಿಯೇ ವರದಿಗಳಲ್ಲಿ ‘239+240’ ಎಂಬ ಒಂದೇ ಅಂಕಿ ಇರುತ್ತದೆ. ಮೂಲ ತಿಳಿಯಬೇಕಾದರೆ ರಾಶಿ ರೋಹಿತಮಾಪನ ಬೇಕೇ ಬೇಕು.

ಇದಕ್ಕೊಂದು ಆಕ್ಷೇಪ ಬರಬಹುದು. ಅರ್ಧದಲ್ಲೇ ತೆಗೆದ ಕಟ್ಟುಗಳಲ್ಲಿ 240ರ ಪಾಲು ಕಡಿಮೆಯಿದ್ದು, ಅನುಪಾತ 0.18ರ ಹತ್ತಿರವೂ ಬರಬಹುದು. ಆಗ ಪ್ಲುಟೋನಿಯಂ-241ನ್ನು ನೋಡಬೇಕು. 1963ಕ್ಕೆ ಮುಂಚಿನ ದೂಳಿನ 241ರಲ್ಲಿ ಇಂದು ಶೇ 6ರಷ್ಟೂ ಉಳಿದಿಲ್ಲ; 2000ದ ಈಚೆಗಿನ ಇಂಧನದಲ್ಲಿ ಅದು ಇನ್ನೂ ಗಣನೀಯವಾಗಿದೆ. ಎರಡು ಅನುಪಾತಗಳು ಒಂದೇ ಮೂಲವನ್ನು ತೋರಿದರೆ ತೀರ್ಮಾನ ಗಟ್ಟಿಯಾಗುತ್ತದೆ.

ರಾಮನಗರದ ಮಹತ್ವ

ಹೋಲಿಕೆಗೆ ಬೇಕಾದ ತಾಣ ಇದೇ ಕಣಿವೆಯಲ್ಲಿದೆ. ರಾಮನಗರದ ಸುತ್ತಲಿನ ಕಾಡಿಗೂ ಕೈಗಾಕ್ಕೂ ಸುರಿಯುವುದು ಅದೇ ನೈಋತ್ಯ ಮುಂಗಾರು; ಆದರೆ ಕೈಗಾ ನದಿಯ ಕೆಳಭಾಗದಲ್ಲಿರುವುದರಿಂದ ಅಲ್ಲಿನ ನೀರು ಮೇಲಕ್ಕೆ ಬರುವಂತಿಲ್ಲ. ಪುನರ್ವಸತಿಯ ಜಮೀನು ಉಳುಮೆಯಿಂದ ಮಗುಚಿರುವ ಕಾರಣ, ನೇಗಿಲು ಕಾಣದ ಕಾಡಂಚಿನ ಮಣ್ಣನ್ನು ಪದರ ಪದರವಾಗಿ ತೆಗೆಯಬೇಕು. ಇದರ ಜೊತೆಗೆ ಸೂಪಾ ಮತ್ತು ಕೊಡಸಳ್ಳಿ ಜಲಾಶಯಗಳ ಹೂಳು ಮೇಲ್ಭಾಗದ ಮಾದರಿಯಾದರೆ, ಕದ್ರಾದ ಹೂಳು ಕೆಳಭಾಗದ ಮಾದರಿ. ಎಲ್ಲ ಕಡೆಯೂ 0.18 ಬಂದು, 241 ಕಾಣದಿದ್ದರೆ ಸಿಕ್ಕ ಪ್ಲುಟೋನಿಯಂ ಹಳೆಯ ಸ್ಫೋಟಗಳದ್ದು. ಕದ್ರಾದಲ್ಲಿ ಮಾತ್ರ ಅನುಪಾತ 0.4ರತ್ತ ಸರಿದು, 241 ಕೂಡ ಕಂಡರೆ ಕೇಂದ್ರ ಉತ್ತರಿಸಬೇಕಾಗುತ್ತದೆ.

ಉಪಸಂಹಾರ

ತಲಾ 700 ಮೆಗಾವಾಟ್‌ನ ಐದು ಮತ್ತು ಆರನೇ ಘಟಕಗಳು ಕೈಗಾದಲ್ಲಿ ಉತ್ಪಾದನೆ ಆರಂಭಿಸುವ ಮೊದಲೇ ಈ ಮಾಪನ ಮುಗಿದಿರಬೇಕು. ಆಮೇಲೆ ತೆಗೆದ ಮಾದರಿ ಮೊದಲಿನ ಸ್ಥಿತಿಯನ್ನು ಹೇಳಲಾರದು. ಪರಮಾಣು ಇಲಾಖೆಯ ಪರಿಸರ ಪ್ರಯೋಗಾಲಯದ ಜೊತೆಗೆ ರಾಜ್ಯದ ವಿಶ್ವವಿದ್ಯಾಲಯವೊಂದು ಸ್ವತಂತ್ರವಾಗಿ ಅದೇ ಮಾದರಿಗಳನ್ನು ಅಳೆಯಲಿ. 239, 240, 241ರ ಅಂಕಿಗಳು ಬೇರೆ ಬೇರೆಯಾಗಿ, ಕನ್ನಡದಲ್ಲಿ ಪ್ರಕಟವಾಗಲಿ. ವಿದ್ಯುತ್ತಿಗಾಗಿ ತಮ್ಮ ಊರುಗಳನ್ನೇ ಬಿಟ್ಟುಕೊಟ್ಟ ಈ ಕಣಿವೆಯ ಜನರಿಗೆ ಆ ಲೆಕ್ಕ ಸಲ್ಲಬೇಕು.