ಆದಾಯ ಅಸಮಾನತೆ: ತಿಪಟೂರು ತೆಂಗಿನ ಸೀಮೆ

ದೇಶದ ಅಥವಾ ಪ್ರದೇಶದ ಒಟ್ಟು ವರಮಾನ ಜನರ ನಡುವೆ ಏರುಪೇರಾಗಿ ಹಂಚಿಹೋಗುವುದೇ ಆದಾಯ ಅಸಮಾನತೆ. ಇಟಲಿಯ ಕೊರಾಡೊ ಜಿನಿ 1912ರಲ್ಲಿ ರೂಪಿಸಿದ ಗುಣಾಂಕ ಇದರ ರೂಢಿಯ ಅಳತೆ: ಎಲ್ಲರಿಗೂ ಸಮಪಾಲಾದರೆ ಸೊನ್ನೆ, ಎಲ್ಲವೂ ಒಬ್ಬರದಾದರೆ ಒಂದು. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಈ ಏರುಪೇರಿಗೆ ಜಮೀನಿನ ವಿಸ್ತೀರ್ಣದಷ್ಟೇ ದೊಡ್ಡ ಕಾರಣ, ಬೆಲೆಗಾಗಿ ಕಾಯುವ ಶಕ್ತಿ.

ಅಟ್ಟ

ಎಣ್ಣೆ ಗಾಣಕ್ಕೆ ಹೋಗುವ ಹೋಳು ಕೊಬ್ಬರಿಯನ್ನು ಕಾಯಿ ಒಡೆದು ಕೆಲವೇ ದಿನಗಳಲ್ಲಿ ಒಣಗಿಸಬಹುದು. ಈ ಸೀಮೆಗೆ ಹೆಸರು ತಂದ ಉಂಡೆ ಕೊಬ್ಬರಿಗೆ ಆ ಅವಸರ ಒಗ್ಗದು. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿ ಎಂಟರಿಂದ ಹನ್ನೆರಡು ತಿಂಗಳು ಬಿಡಬೇಕು. ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗಿಟುಕು ಒಳಗೇ ಗುಡುಗುಡು ಎನ್ನಬೇಕು. ಆಮೇಲೆ ಸುಲಿದು, ಗಿಟುಕಿಗೆ ಪೆಟ್ಟಾಗದಂತೆ ಕರಟ ಒಡೆಯುತ್ತಾರೆ. ಚೂರಾದರೆ ದರ ಇಳಿಯಿತು.

ಅಷ್ಟೂ ತಿಂಗಳು ರೈತನ ದುಡ್ಡು ಅಟ್ಟದ ಮೇಲೇ ಇರುತ್ತದೆ. ಸಂಬಳವೋ ಹೈನೋ ಇದ್ದ ಮನೆಯವರು ಮಾರುಕಟ್ಟೆ ನೋಡಿಕೊಂಡು ಕಾಯಿ ಇಳಿಸುತ್ತಾರೆ. ಮದುವೆ, ಆಸ್ಪತ್ರೆ, ಕೊಳವೆಬಾವಿಯ ಸಾಲ ಎದುರಾದ ಸಣ್ಣ ಹಿಡುವಳಿದಾರ ಎಳನೀರಿಗೋ ಹಸಿಕಾಯಿಗೋ ಫಸಲು ಬಿಟ್ಟುಕೊಡುತ್ತಾನೆ. ಇಲ್ಲವೇ ಮಂಡಿಯಲ್ಲಿ ಮುಂಗಡ ತಂದು ಅದೇ ಮಂಡಿಗೆ ಮಾಲು ಹಾಕುತ್ತಾನೆ. ಅಕ್ಕಪಕ್ಕದ ಎರಡು ತೋಟಗಳ ವರಮಾನ ಬೇರೆಯಾಗುವುದು ಬಹುಮಟ್ಟಿಗೆ ಇಲ್ಲೇ.

ಜಮೀನು, ಕೂಲಿ

1974ರ ಭೂಸುಧಾರಣಾ ತಿದ್ದುಪಡಿ ಗೇಣಿದಾರರನ್ನು ಒಡೆಯರನ್ನಾಗಿಸಿತು. ಮುಂದೆ ಅಣ್ಣತಮ್ಮಂದಿರ ಪಾಲು ಹಿಡುವಳಿಗಳನ್ನು ಕಿರಿದಾಗಿಸಿತು. ಕಾಯಿ ಕೀಳುವ, ಸುಲಿಯುವ ಕೂಲಿಕಾರರಿಗೆ ಅಟ್ಟವೇ ಇಲ್ಲ. ಕೊಬ್ಬರಿ ದರ ಏರಿದಷ್ಟು ಅವರ ಕೂಲಿ ಏರದು.

ಬೆಂಬಲ ಬೆಲೆ

2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯ ದರ ಅದೇ ವರ್ಷ 9,000ಕ್ಕಿಂತ ಕೆಳಗಿಳಿಯಿತು. ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವ ರಾಷ್ಟ್ರೀಯ ಸಹಕಾರ ಮಹಾಮಂಡಳ ನಾಫೆಡ್‌ನ ಖರೀದಿಗೆ ರಾಜ್ಯ ಸರ್ಕಾರ ತನ್ನ ಪ್ರೋತ್ಸಾಹಧನವನ್ನೂ ಸೇರಿಸಿತು. ಆದರೆ ಖರೀದಿ ಕೇಂದ್ರ ಕೇಳುವುದು ಪಹಣಿ. ಪೌತಿ ಖಾತೆಯಾಗದೆ ತಾತನ ಹೆಸರಿನಲ್ಲೇ ಉಳಿದ ಜಮೀನಿನವರು, ತೋಟವನ್ನು ಗುತ್ತಿಗೆಗೆ ಮಾಡುವವರು ಇಲ್ಲಿ ಎಡವುತ್ತಾರೆ. ನೋಂದಣಿಗೆ ಸಾಲು ನಿಲ್ಲುವ ಬಿಡುವೂ ಎಲ್ಲರಿಗಿಲ್ಲ. ಅಸಮಾನತೆ ತಗ್ಗಿಸಬೇಕಾದ ವ್ಯವಸ್ಥೆ ದಾಖಲೆ ಸರಿಯಿದ್ದವರಿಗೇ ಮೊದಲು ದಕ್ಕುತ್ತದೆ ಎನ್ನುವುದು ಕಠಿಣ ಮಾತಾದರೂ ತಪ್ಪಾಗಲಾರದು.

ಪರಿಣಾಮ

ಬರದಲ್ಲಿ ಅಂತರ ಹೆಚ್ಚುತ್ತದೆ. ಉಳ್ಳವರು ಇನ್ನೂ ಆಳಕ್ಕೆ ಕೊರೆಸುತ್ತಾರೆ, ಪಕ್ಕದವರ ಬಾವಿ ಬತ್ತುತ್ತದೆ. ಸುಳಿ ಒಣಗಿದ ತೆಂಗಿನ ಬದಲಿಗೆ ನೆಟ್ಟ ಸಸಿ ಫಲಕ್ಕೆ ಬರಲು ಹಲವು ವರ್ಷ ಬೇಕು. ಅಲ್ಲಿಯವರೆಗೆ ಮಕ್ಕಳು ಬೆಂಗಳೂರಿನ ಕೆಲಸ ಹಿಡಿಯುತ್ತಾರೆ. 2025ರಲ್ಲಿ ಕೊಬ್ಬರಿ ದರ ಕ್ವಿಂಟಲ್‌ಗೆ 20,000 ರೂಪಾಯಿ ದಾಟಿದಾಗಲೂ ಲಾಭ ಸಿಕ್ಕಿದ್ದು ಅಟ್ಟದಲ್ಲಿ ಹಳೆಯ ಕಾಯಿ ಉಳಿಸಿಕೊಂಡಿದ್ದವರಿಗೆ.