ನಗಾರಿಯಿಂದ ಗುಂಬಜಿನವರೆಗೆ

1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ನರಸಿಂಗರಾಯನಪೇಟೆಯ ದಂಡಿನ ಪಾಳೆಯದಲ್ಲಿ ನವಾಬ್ ಹೈದರ್ ಅಲಿ ಖಾನ್ ಬಹಾದೂರರು ಕೊನೆಯುಸಿರೆಳೆದರು. ಬೆನ್ನಿನ ಮೇಲೆ ಎದ್ದಿದ್ದ ಹುಣ್ಣು ಹಿಂದಿನ ತಿಂಗಳಿನಿಂದಲೇ ಅವರನ್ನು ಹಾಸಿಗೆಗೆ ಕೆಡವಿತ್ತು. ನಮ್ಮ ಕಡೆಯ ಹಿರಿಯರು ಆ ರೋಗವನ್ನು ಬೆನ್ನುಫಣಿ ಎನ್ನುತ್ತಾರೆ. ಹಿರಿಯ ಮಗ ಟಿಪ್ಪು ಸುಲ್ತಾನರು ಆ ಹೊತ್ತಿನಲ್ಲಿ ತಂದೆಯ ಬಳಿ ಇರಲಿಲ್ಲ. ಮಲಬಾರಿನ ಪೊನ್ನಾನಿಯಲ್ಲಿ ಇಂಗ್ಲಿಷ್ ಪಡೆಯನ್ನು ಎದುರಿಸುತ್ತಿದ್ದರು. ಸುದ್ದಿ ಅವರಿಗೆ ತಲುಪಿದ್ದು ನಾಲ್ಕು ದಿನಗಳ ನಂತರ, ಡಿಸೆಂಬರ್ 11ರಂದು.

ಈ ಪುಟವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಎರಡನೆಯ ಮೈಸೂರು ಯುದ್ಧ, ಕಾರಣಗಳು, ಪರಿಣಾಮಗಳು ಎಂದು ಕರಿಹಲಗೆಯ ಮೇಲೆ ಬರೆದು ಮುಂದೆ ಹೋಗಿದ್ದೇನೆ. ಈಗ ಮೂರು ತಿಂಗಳಿನಿಂದ ನನ್ನ ತಂದೆಯವರ ಹಾಸಿಗೆಯ ಪಕ್ಕದಲ್ಲಿ ಕುಳಿತು ಅದನ್ನೇ ಮತ್ತೆ ಓದುತ್ತಿರುವಾಗ, ಯುದ್ಧಕ್ಕಿಂತ ಹೆಚ್ಚಾಗಿ ಆ ನಾಲ್ಕು ದಿನಗಳು ಕಣ್ಣಿಗೆ ಬೀಳುತ್ತಿವೆ. ತಂದೆ ಇಲ್ಲವಾದ ಮೇಲೂ ನಾಲ್ಕು ದಿನ ಒಬ್ಬ ಮಗನು, ತಂದೆ ಇದ್ದಾರೆಂಬ ನಂಬಿಕೆಯಲ್ಲಿಯೇ ಊಟ ಮಾಡಿ, ನಿದ್ರಿಸಿ, ದುಆದಲ್ಲಿ ಅವರ ಆರೋಗ್ಯವನ್ನು ಬೇಡಿರಬೇಕು. ದಮ್ಮಾಮ್‌ನಲ್ಲಿರುವ ನನ್ನ ತಮ್ಮನು ಪ್ರತಿ ರಾತ್ರಿ ಫೋನ್ ಮಾಡಿ ಮೊದಲು ಕೇಳುವುದು "ಅಬ್ಬಾ ಇದ್ದಾರಾ?" ಎಂದಲ್ಲ, "ಅಬ್ಬಾ ಮಲಗಿದ್ದಾರಾ?" ಎಂದು. ಎರಡೂ ಪ್ರಶ್ನೆಗಳ ಅರ್ಥ ಒಂದೇ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು.

ಹೈದರ್ ಅಲಿಯವರ ಮರಣವನ್ನು ಪಾಳೆಯದಲ್ಲಿ ಗುಟ್ಟಾಗಿಡಲಾಯಿತು. ಪೂರ್ಣಯ್ಯ, ಖಜಾಂಚಿ ಕೃಷ್ಣರಾವ್ ಮತ್ತು ನಂಬಿಕಸ್ತರಾದ ಇನ್ನು ಕೆಲವು ಅಧಿಕಾರಿಗಳಿಗೆ ಮಾತ್ರ ಅದು ತಿಳಿದಿತ್ತು. ಸುಗಂಧದ ಪುಡಿ ತುಂಬಿದ ಪೆಟ್ಟಿಗೆಯೊಂದರಲ್ಲಿ ಪಾರ್ಥಿವ ಶರೀರವನ್ನಿರಿಸಿ, ಖಜಾನೆಯ ಹಣ ಸಾಗಿಸುವಂತೆ ಕಾವಲಿನೊಂದಿಗೆ ಕೋಲಾರಕ್ಕೆ ಕಳುಹಿಸಿದರು. ಆದರೂ ಗುಟ್ಟು ಸೋರಿತು. ಹತ್ತಿರದ ಬಂಧು ಮುಹಮ್ಮದ್ ಅಮೀನ್ ಮತ್ತು ಬಕ್ಷಿ ಶಮ್ಸುದ್ದೀನ್ ಕಿರಿಯ ಮಗ ಅಬ್ದುಲ್ ಕರೀಮರನ್ನು ಗದ್ದುಗೆಗೆ ಏರಿಸಲು ಸಂಚು ಹೂಡಿದರು. ಸಂಚು ಬಯಲಾಗಿ ಅವರು ಸೆರೆಯಾದರು. ದಂಡು ಚೆದುರಲಿಲ್ಲ. ಸಂಚು ಹೂಡಿದವರು ರಕ್ತಸಂಬಂಧಿಗಳು. ಮಗನಿಗಾಗಿ ಅವನ ತಂದೆಯ ಅಮಾನತ್ತನ್ನು ಕಾಪಾಡಿದವರಲ್ಲಿ ಮುಂಚೂಣಿಯಲ್ಲಿದ್ದವರು ಇಬ್ಬರು ಬ್ರಾಹ್ಮಣ ಅಧಿಕಾರಿಗಳು. ಟಿಪ್ಪುವಿನ ಹೆಸರೆತ್ತಿದೊಡನೆ ಜಗಳಕ್ಕೆ ನಿಲ್ಲುವ ಎರಡೂ ಕಡೆಯವರು ಈ ಸಂಗತಿಯ ಬಳಿ ಒಂದು ಕ್ಷಣ ನಿಲ್ಲಬಹುದಿತ್ತು. ಆ ಜಗಳ ಇಲ್ಲಿ ನನ್ನ ವಿಷಯವಲ್ಲ.

ಟಿಪ್ಪು ಸುಲ್ತಾನರು ಹೊಸ ವರ್ಷದ ಆಸುಪಾಸಿನಲ್ಲಿ ಪಾಳೆಯ ತಲುಪಿದರು. ಮೆರವಣಿಗೆ ಬೇಡವೆಂದರು. ದುಃಖದ ಕಾರಣ ಮಸ್ನದಿನ ಮೇಲೆ ಕೂರದೆ ಬರಿಯ ಜಮಖಾನದ ಮೇಲೆ ಕುಳಿತು ಸರದಾರರನ್ನು ಭೇಟಿಯಾದರೆಂದು ಕರ್ನಲ್ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ವಿಲ್ಕ್ಸ್ ಸುಲ್ತಾನರ ಮಿತ್ರನಲ್ಲ. ಅವರ ಕುರಿತು ಒಳ್ಳೆಯ ಮಾತು ಅವನ ಲೇಖನಿಯಿಂದ ಬರುವುದು ಅಪರೂಪ.

ತಂದೆ ಮಗನ ನಡುವೆ ಎಲ್ಲವೂ ಸಿಹಿಯಾಗಿತ್ತೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾಗುತ್ತದೆ. 1771ರಲ್ಲಿ ಮೇಲುಕೋಟೆಯ ಬಳಿಯ ಚಿನಕುರಳಿಯಲ್ಲಿ ಮರಾಠರ ಎದುರು ಮೈಸೂರಿನ ಸೈನ್ಯ ಸೋತಿತು. ಅಂದು ಕರೆ ಕಳುಹಿಸಿದಾಗ ಮಗ ತಡವಾಗಿ ಬಂದನೆಂದು ಹೈದರರು ಸೈನಿಕರ ಎದುರೇ ಬೆತ್ತದಿಂದ ಹೊಡೆದರೆಂದೂ, ಟಿಪ್ಪು ಕತ್ತಿಯನ್ನೂ ಮುಂಡಾಸನ್ನೂ ನೆಲಕ್ಕೆಸೆದು ಇಂದು ನಾನು ಕತ್ತಿ ಹಿಡಿಯುವುದಿಲ್ಲವೆಂದು ಆಣೆ ಇಟ್ಟರೆಂದೂ ಅದೇ ವಿಲ್ಕ್ಸ್ ಹೇಳುತ್ತಾನೆ. ನನ್ನ ತಂದೆಯವರೂ ನನ್ನನ್ನು ಹೊಡೆದಿದ್ದಾರೆ. ಮದ್ರಸಾದಿಂದ ಎರಡನೆಯ ಸಲ ಓಡಿಬಂದ ದಿನ, ಪೀಣ್ಯದ ಬಾಡಿಗೆ ಮನೆಯ ಮುಂದೆ, ಬೀದಿಯವರೆಲ್ಲ ನೋಡುತ್ತಿರುವಾಗ. ಮರುದಿನ ಬೆಳಗಿನ ಪಾಳಿ ಬಿಟ್ಟು, ಆ ದಿನದ ಸಂಬಳ ಕಳೆದುಕೊಂಡು, ನನ್ನ ಕೈಹಿಡಿದು ಮದ್ರಸಾದ ಬಾಗಿಲಿನವರೆಗೆ ಬಂದವರೂ ಅವರೇ.

ಹೈದರ್ ಅಲಿಯವರ ಬಾಲ್ಯವನ್ನು ಬಲ್ಲವರಿಗೆ ಅವರ ಕಾಠಿಣ್ಯದ ಬೇರು ಕಾಣುತ್ತದೆ. ಅವರು ಹುಟ್ಟಿದ್ದು ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ತಂದೆ ಫತಹ್ ಮುಹಮ್ಮದರು ಸಿರಾದ ನವಾಬರ ಸೇವೆಯಲ್ಲಿದ್ದವರು. ಯುದ್ಧದಲ್ಲಿ ಮಡಿದಾಗ ಮಕ್ಕಳಿನ್ನೂ ಎಳೆಯರು. ತಂದೆ ತೀರಿಸಬೇಕಾಗಿದ್ದ ಬಾಕಿಯನ್ನು ಆ ಮಕ್ಕಳಿಂದ ವಸೂಲು ಮಾಡಲು ಮುಂದಾದವನು ದೊಡ್ಡಬಳ್ಳಾಪುರದ ಅಬ್ಬಾಸ್ ಕುಲಿ ಖಾನ್. ಹೈದರ್ ಮತ್ತು ಅಣ್ಣ ಶಹಬಾಝರನ್ನು ನಗಾರಿಯೊಳಗೆ ತುರುಕಿ ಮೇಲಿನಿಂದ ಬಾರಿಸಿದರೆಂಬುದು ವಿಲ್ಕ್ಸ್ ದಾಖಲಿಸಿದ ಕಥೆ. ಚರ್ಮದ ಆ ಕತ್ತಲಿನೊಳಗೆ ಕುಳಿತು, ತಂದೆಯ ಸಾಲ ಎಂದರೇನೆಂಬುದನ್ನು ಆ ಬಾಲಕ ಕಿವಿಯಿಂದಲೇ ಕಲಿತಿರಬೇಕು. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ, 1761ರಲ್ಲಿ, ಹೈದರರು ದೊಡ್ಡಬಳ್ಳಾಪುರವನ್ನು ಗೆದ್ದಾಗ ಅಬ್ಬಾಸ್ ಕುಲಿ ಖಾನ್ ಊರು ಬಿಟ್ಟು ಪಲಾಯನ ಮಾಡಿದ್ದ.

ಓದು ಬರಹ ಅವರಿಗೆ ಒದಗಲಿಲ್ಲ. ಸಹಿ ಹಾಕಬೇಕಾದಾಗ ತಮ್ಮ ಹೆಸರಿನ ಮೊದಲಕ್ಷರವನ್ನು ತಲೆಕೆಳಗಾಗಿ ಗೀಚುತ್ತಿದ್ದರಂತೆ. ಆದರೆ ಮಗನಿಗೆ ಗುರುಗಳನ್ನಿಟ್ಟು ಓದಿಸಿದರು. ಆ ಮಗನು 1799ರಲ್ಲಿ ಹುತಾತ್ಮನಾದಾಗ ಶ್ರೀರಂಗಪಟ್ಟಣದ ಅರಮನೆಯಲ್ಲಿ ಸುಮಾರು 2,000 ಗ್ರಂಥಗಳ ಪುಸ್ತಕ ಭಂಡಾರವಿತ್ತು.

ನನ್ನ ತಂದೆಯವರೂ ಅಕ್ಷರ ಬಲ್ಲವರಲ್ಲ. 1978ರಲ್ಲಿ ಕೋಲಾರ ಸೀಮೆಯ ಹಳ್ಳಿಯಿಂದ ಹೆಂಡತಿ ಮತ್ತು ಕೈಗೂಸಿನೊಂದಿಗೆ ಪೀಣ್ಯಕ್ಕೆ ಬಂದರು. ತುಮಕೂರು ರಸ್ತೆಯ ಪಕ್ಕದಲ್ಲಿ ಕೈಗಾರಿಕಾ ಪ್ರದೇಶ ಬೆಳೆಯುತ್ತಿದ್ದ ಕಾಲವದು. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್‌ನಂತಹ ದೊಡ್ಡ ಸರ್ಕಾರಿ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳನ್ನು ಸಣ್ಣ ಸಣ್ಣ ಶೆಡ್ಡುಗಳಲ್ಲಿ ಕಡೆದು ಕೊಡುತ್ತಿದ್ದರು. ಅಬ್ಬಾ ಲೇತ್ ಯಂತ್ರದ ಮುಂದೆ ಇಪ್ಪತ್ತೈದು ವರ್ಷ ನಿಂತರು. ಅಕ್ಷರ ಬಾರದಿದ್ದರೂ ಡ್ರಾಯಿಂಗ್ ಓದುತ್ತಿದ್ದರು. ಮೈಕ್ರೋಮೀಟರಿನ ಗೆರೆಗಳು ಅವರಿಗೆ ತಪ್ಪುತ್ತಿರಲಿಲ್ಲ. ಬಿ.ಎ. ಕನ್ನಡದಲ್ಲಿ ನಾನು ಪಾಸಾದ ದಿನ ಅಂಕಪಟ್ಟಿಯನ್ನು ಹಿಡಿದು, ಡ್ರಾಯಿಂಗ್ ನೋಡುವಂತೆ ಬೆಳಕಿಗೆ ಒಡ್ಡಿ, ಬಹಳ ಹೊತ್ತು ನೋಡಿದರು. ಏನು ಕಂಡಿತೆಂದು ನಾನು ಕೇಳಲಿಲ್ಲ.

ಕೋಲಾರದಲ್ಲಿ ಹೈದರ್ ಅಲಿಯವರ ದೇಹವನ್ನು ಇರಿಸಿದ್ದು ಅವರ ತಂದೆ ಫತಹ್ ಮುಹಮ್ಮದರ ಮಕ್‌ಬರಾದಲ್ಲಿ. ಆ ಬಳಿಕ ಟಿಪ್ಪು ಸುಲ್ತಾನರು ಅದನ್ನು ಶ್ರೀರಂಗಪಟ್ಟಣಕ್ಕೆ ತರಿಸಿ, ಗಂಜಾಮ್ ಬಳಿಯ ಲಾಲ್‌ಬಾಗ್ ತೋಟದಲ್ಲಿ ಗುಂಬಜ್ ಕಟ್ಟಿಸಿದರು. 1784ರ ಹೊತ್ತಿಗೆ ಕಟ್ಟಡ ಮುಗಿಯಿತು. ಅದೇ ಅವಧಿಯಲ್ಲಿ ಸುಲ್ತಾನರು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದರು. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಯುದ್ಧದ ನಡುವೆಯೂ ತಂದೆಯ ಗೋರಿಯ ಕೆಲಸ ನಿಲ್ಲಲಿಲ್ಲ. ಕನ್ನಡಿಯಂತೆ ಹೊಳೆಯುವ 36 ಕರಿಕಲ್ಲಿನ ಕಂಬಗಳು ಗುಮ್ಮಟದ ಸುತ್ತ ಮೊಗಸಾಲೆಯನ್ನು ಹೊತ್ತಿವೆ. ಒಳಗಿನ ಗೋಡೆಗಳಿಗೆ ಹುಲಿಯ ಪಟ್ಟೆಗಳ ಬಣ್ಣ. ಪಕ್ಕದಲ್ಲಿಯೇ ಮಸೀದಿ. ನಡುವೆ ಹೈದರರು, ಅವರ ಪಕ್ಕದಲ್ಲಿ ಪತ್ನಿ ಫಾತಿಮಾ ಬೇಗಮ್, ಇನ್ನೊಂದು ಪಕ್ಕದಲ್ಲಿ, 1799ರ ಮೇ 5ರ ಸಂಜೆಯಿಂದ, ಆ ಗುಂಬಜ್ ಕಟ್ಟಿಸಿದ ಮಗ.

ಇಲ್ಲಿ ಮದ್ರಸಾದಲ್ಲಿ ಓದಿದ ನನ್ನಂಥವನಿಗೆ ಒಂದು ತೊಡಕಿದೆ. ಅದನ್ನು ಮರೆಮಾಚಲಾರೆ. ಗೋರಿಯನ್ನು ಗಾರೆಯಿಂದ ಮೆತ್ತುವುದನ್ನೂ ಅದರ ಮೇಲೆ ಕಟ್ಟಡ ಕಟ್ಟುವುದನ್ನೂ ಪ್ರವಾದಿ(ಸ) ತಡೆದರೆಂದು ಹಝ್ರತ್ ಜಾಬಿರ್(ರ) ವರದಿ ಮಾಡಿದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ದಫನ್ ಆದ ದೇಹವನ್ನು ತಕ್ಕ ಕಾರಣವಿಲ್ಲದೆ ಬೇರೆಡೆಗೆ ಒಯ್ಯುವುದನ್ನು ಹನಫೀ ವಿದ್ವಾಂಸರು ಒಪ್ಪುವುದಿಲ್ಲ. ಗುಂಬಜಿನ ಸೌಂದರ್ಯಕ್ಕೆ ನಾನೂ ಮಾರುಹೋಗಿದ್ದೇನೆ, ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು ಕಂಬಗಳನ್ನು ಮುಟ್ಟಿ ತೋರಿಸಿದ್ದೇನೆ. ಆದರೂ ಅದನ್ನು ಕಂಡಾಗಲೆಲ್ಲ ನನಗೆ ಅನ್ನಿಸುವುದು, ಕೊನೆಯ ಗಳಿಗೆಯಲ್ಲಿ ತಂದೆಯ ಬಾಯಿಗೆ ನೀರು ಹಾಕಲಾಗದ ಮಗನ ನೋವು ಕಲ್ಲಿನಲ್ಲಿ ದಾರಿ ಹುಡುಕಿತೆಂದು. ಸುಲ್ತಾನರ ಬಳಿ ಕಲ್ಲುಕುಟಿಗರಿದ್ದರು. ನನ್ನ ಬಳಿ ಒಂದು ನೋಟ್‌ಬುಕ್ ಇದೆ.

ಅಬ್ಬಾರ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿದ್ದ ಸಣ್ಣ ನೋಟ್‌ಬುಕ್ ಅದು. ಕೊಟ್ಟದ್ದು, ಪಡೆದದ್ದು ಎಲ್ಲವನ್ನೂ ಅಕ್ಕನಿಂದ ಬರೆಸುತ್ತಿದ್ದರು. ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್, ಸೂರಃ ಅಲ್ ಬಕರಃದ 282ನೆಯದು, ಸಾಲವನ್ನು ಬರೆದಿಡಿರೆಂದು ಹೇಳುವ ಆಯತ್ ಎಂಬುದು ಅವರಿಗೆ ಯಾರೋ ಇಮಾಮರ ಜುಮಾ ಬಯಾನಿನಿಂದ ತಿಳಿದಿತ್ತು. ತೀರಿದ ಬಾಕಿಗೆ ಅವರೇ ಅಡ್ಡಗೆರೆ ಎಳೆಯುತ್ತಿದ್ದರು. ಗೆರೆ ಬೀಳದೆ ಉಳಿದದ್ದು ಒಂದೇ. 1997ರಲ್ಲಿ ಅಕ್ಕನ ನಿಕಾಹ್‌ಗೆಂದು ಪಕ್ಕದ ಯಂತ್ರದ ಗೆಳೆಯರಿಂದ ಪಡೆದ 6,000 ರೂಪಾಯಿ. ತುಮಕೂರು ಕಡೆಯ ಲಿಂಗಾಯತರು ಅವರು. ಶೆಡ್ಡು ಮುಚ್ಚಿತು, ಅವರು ಊರಿಗೆ ಹೋದರು, ಅಬ್ಬಾ ಎಷ್ಟೋ ವರ್ಷ ವಿಚಾರಿಸಿ ಸುಮ್ಮನಾದರು. ಹಾಸಿಗೆ ಹಿಡಿದ ಮೇಲೆ ಸುಮ್ಮನಿರಲಿಲ್ಲ. ರಾತ್ರಿ ಎಚ್ಚರವಾದಾಗಲೆಲ್ಲ ಕೇಳತೊಡಗಿದರು: "ಬೇಟಾ, ಅವರು ಸಿಕ್ಕರಾ?"

ಸಾಲ ಉಳಿಸಿಕೊಂಡು ತೀರಿಹೋದವರೊಬ್ಬರ ಜನಾಝವನ್ನು ತಂದಾಗ ಪ್ರವಾದಿ(ಸ) ತಾವು ನಮಾಝ್ ನಿರ್ವಹಿಸದೆ ಸಂಗಾತಿಗಳಿಗೆ ಹೇಳಿದರು; ಅಬೂ ಕತಾದಃ(ರ) ಆ ಸಾಲದ ಹೊಣೆ ಹೊತ್ತ ಮೇಲೆಯೇ ನಮಾಝ್ ನಿರ್ವಹಿಸಿದರು. ಬುಖಾರಿಯ ಈ ಹದೀಸನ್ನು ನಾನು ಹದಿನೆಂಟನೆಯ ವಯಸ್ಸಿನಲ್ಲಿಯೇ ಕಲಿತಿದ್ದೆ. ವಾರಸುದಾರರ ಪಾಲಿಗಿಂತ ಮೊದಲು ಸಾಲ ತೀರಬೇಕೆಂಬ ಸೂರಃ ಅನ್ನಿಸಾದ ನಿಯಮವನ್ನು ಬೇರೆಯವರ ಮನೆಗಳಲ್ಲಿ ವಿವರಿಸಿಯೂ ಇದ್ದೆ. ನನ್ನ ಮನೆಯ ನೋಟ್‌ಬುಕ್ ಮಾತ್ರ ತೆರೆದು ನೋಡಿರಲಿಲ್ಲ. ಇದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ನಾವು ಈಗಿರುವುದು ವೈಟ್‌ಫೀಲ್ಡಿನ ಕಾಡುಗೋಡಿಯಲ್ಲಿ. ಒಂದು ಶನಿವಾರ ನೇರಳೆ ಮಾರ್ಗದ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ, ಅಲ್ಲಿಂದ ಹಸಿರು ಮಾರ್ಗದಲ್ಲಿ ಪೀಣ್ಯಕ್ಕೆ ಹೋದೆ. ಅಬ್ಬಾ ನಿಂತಿದ್ದ ಶೆಡ್ಡು ಈಗ ಯಾವುದೋ ಸಾಮಾನಿನ ಗೋದಾಮು. ಎದುರಿನ ಚಹಾ ಅಂಗಡಿಯ ಮುದುಕರಿಗೆ ಹಳೆಯ ಹೆಸರುಗಳು ನೆನಪಿದ್ದವು. ಅವರು ಒಬ್ಬರನ್ನು ತೋರಿಸಿದರು, ಆ ಒಬ್ಬರು ಇನ್ನೊಬ್ಬರ ಫೋನ್ ನಂಬರ್ ಕೊಟ್ಟರು. ಮೂರನೆಯ ವಾರದಲ್ಲಿ ತಿಳಿಯಿತು: ಸಾಲ ಕೊಟ್ಟವರು ತೀರಿಹೋಗಿ ಆರು ವರ್ಷವಾಗಿದೆ. ಅವರ ಮಗ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದಕ್ಕೆ ಕ್ಯಾಬ್ ಓಡಿಸುತ್ತಾನೆ.

ಬೊಮ್ಮಸಂದ್ರದಲ್ಲಿ, ಪಾಳಿಗಳ ನಡುವೆ, ಅವನ ಕಾರಿನಲ್ಲಿ ಕುಳಿತು ಮಾತನಾಡಿದೆವು. ಲಕೋಟೆಯಲ್ಲಿ 20,000 ರೂಪಾಯಿ ಇಟ್ಟಿದ್ದೆ. ಷರತ್ತಿಲ್ಲದೆ, ಸಾಲಗಾರ ತಾನಾಗಿಯೇ ಪಡೆದದ್ದಕ್ಕಿಂತ ಉತ್ತಮವಾಗಿ ಹಿಂದಿರುಗಿಸುವುದು ಸುನ್ನತ್ತೇ ಆಗಿದೆ, ಬಡ್ಡಿಯಲ್ಲ. ಅವನು ಮುಟ್ಟಲಿಲ್ಲ. "ಅಪ್ಪ ಯಾವತ್ತೂ ಇದರ ಬಗ್ಗೆ ಹೇಳಿಲ್ಲ ಮೇಷ್ಟ್ರೇ. ಸಾಬ್ರ ಬಗ್ಗೆ ಹೇಳೋರು. ಕೈಗೆ ಏಟು ಬಿದ್ದಾಗ ಎತ್ಕೊಂಡು ಆಸ್ಪತ್ರೆಗೆ ಓಡಿದ್ರಂತೆ. ಬೇಡ ಬಿಡಿ" ಎಂದನು. ಅಬ್ಬಾ ಈ ಸಂಗತಿಯನ್ನು ನಮಗೆ ಹೇಳಿರಲಿಲ್ಲ.

ಮನೆಗೆ ಬಂದು ತಿಳಿಸಿದಾಗ ಅಬ್ಬಾ ಒಪ್ಪಲಿಲ್ಲ. "ಬೇಡ ಎಂದದ್ದು ಸಾಲದು. ಅವನ ತಾಯಿ ಇದ್ದಾಳಾ, ಅಕ್ಕತಂಗಿಯರಿದ್ದಾರಾ? ಅವರ ಪಾಲೂ ಇದರಲ್ಲಿದೆ" ಎಂದರು. ಫಿಕ್ಹ್ ಗ್ರಂಥ ಓದದವರು ಹೇಳಿದ ಮಾತು ಸರಿಯಾಗಿತ್ತು. ಮರುದಿನ ಅವನಿಗೆ ಮತ್ತೆ ಫೋನ್ ಮಾಡಿ, ಫೋನನ್ನು ಅಬ್ಬಾರ ಕಿವಿಗೆ ಹಿಡಿದೆ. ಇವರ ದನಿ ಮೇಲೇಳುತ್ತಿರಲಿಲ್ಲ. ಅವನು ಆ ಕಡೆಯಿಂದ ಬಹಳ ಹೊತ್ತು ಮಾತನಾಡಿದನು. ಕೊನೆಗೆ ಹಣ ಪಡೆಯಲು ಒಪ್ಪಿದನು. ತಾಯಿಯೊಡನೆ ಮಾತನಾಡಿ, ಅಪ್ಪನ ಹೆಸರಿನಲ್ಲಿ ಅದನ್ನು ಸಿದ್ಧಗಂಗೆಯ ದಾಸೋಹಕ್ಕೆ ಕೊಡುವುದಾಗಿ ಹೇಳಿದನಂತೆ. "ಅಲ್ಲಿ ಮಕ್ಕಳು ಊಟ ಮಾಡ್ತಾರೆ" ಎಂದು ಅಬ್ಬಾ ನನಗೆ ವಿವರಿಸಿದರು, ನನಗೆ ಗೊತ್ತಿಲ್ಲವೆಂಬಂತೆ.

ಹಣ ತಲುಪಿದ ಸಂಜೆ ಅಸರ್ ನಮಾಝಿನ ನಂತರ ನೋಟ್‌ಬುಕ್ ತರಲು ಹೇಳಿದರು. ಪುಟ ತೆರೆದು ಕೊಟ್ಟೆ. ಪೆನ್ನು ಬೆರಳುಗಳ ನಡುವೆ ನಿಲ್ಲಲಿಲ್ಲ. ನಾನು ಗೆರೆ ಎಳೆಯಲೇ ಎಂದು ಕೇಳಿದ್ದಕ್ಕೆ ತಲೆಯಾಡಿಸಿ ಬೇಡವೆಂದರು. ಅವರ ಮುಂಗೈಯನ್ನು ಮಾತ್ರ ನಾನು ಹಿಡಿದುಕೊಂಡೆ. ಆರಂಭದಲ್ಲಿ ನಡುಗಿದ ಗೆರೆ ಆರು ಸಾವಿರದ ಮೇಲೆ ಹಾದು, ಕಾಗದದ ಅಂಚನ್ನು ದಾಟಿ ಚಾದರದ ಮೇಲೂ ಬಿತ್ತು. ಅಂದು ರಾತ್ರಿ ತಮ್ಮನು ಫೋನ್ ಮಾಡಿದಾಗ ಅಬ್ಬಾ ನಿಜಕ್ಕೂ ಮಲಗಿದ್ದರು.